ಓಕ್ ಮರಕ್ಕೆ ಅರಿಶಿನ ಕುಂಕುಮ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮ್ಯಾಂಚೆಸ್ಟರಿನ ಡಿಡ್ಸ್‌ಬರಿ ನಿವಾಸಿ ಶ್ರೀಮಾನ್ ಚಕ್ಕುಲಿಯವರು ಮಾರ್ಚ್ ತಿಂಗಳ ಒಂದು ಶುಭ ಮುಂಜಾನೆ ಸಮೀಪದ ಕಾಡಿನ ದೊಡ್ಡ ಓಕ್ ಮರದ ಬುಡದಲ್ಲಿ ತಮ್ಮ ನಿತ್ಯಕರ್ಮವನ್ನು ನಿರ್ವಿಘ್ನವಾಗಿ ನೆರವೇರಿಸಿದರು. ಶ್ರೀಮತಿ ರತ್ನಮ್ಮನವರು ಉಪಸ್ಥಿತರಿದ್ದು, ನೀಲಿ ಚೀಲವನ್ನು ಸ್ವಹಸ್ತದಿಂದ ಗಂಟು ಹಾಕಿದರು.

ಚಕ್ಕುಲಿ ಎಂದರೆ ನಾಯಿ. ಬಾಲ ಸುತ್ತಿಕೊಂಡಿರುವ ರೀತಿಗೆ ಆ ಹೆಸರು. ಇಂಗ್ಲಿಷರ ಬಾಯಲ್ಲಿ ಹೆಸರು ಮುರಿದು 'ಚಕಲ್ಸ್' ಆಗಿದೆ. ಚಕ್ಕುಲಿ ಮುರಿಯುವುದು ಸಹಜವೇ ಆದ್ದರಿಂದ ನಾಯಿ ಎರಡಕ್ಕೂ ಬಾಲ ಅಲ್ಲಾಡಿಸುತ್ತದೆ.

ರತ್ನಮ್ಮ ಮೈಸೂರಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಇಲ್ಲಿ ಮಗ ಹಯವದನನ ಮನೆಯಲ್ಲಿದ್ದಾರೆ. ಮಗ ರೈಲ್ವೆ ಸಿಗ್ನಲ್ಲುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ, ಸೊಸೆ ಸಂಯುಕ್ತಾ ಇನ್ನೊಂದು ಕೋಣೆಯಲ್ಲಿ ಇನ್ನೇನೋ ಬರೆಯುತ್ತಾಳೆ. ಬೆಳಿಗ್ಗೆ ತೆರೆದ ಲ್ಯಾಪ್‌ಟಾಪುಗಳು ಮುಚ್ಚುವುದು ಕತ್ತಲಾದ ಮೇಲೆ. ಜೀವನವಿಡೀ ಕಿಟಕಿಯ ಆಚೆಯವರ ಜೊತೆ ಮಾತಾಡಿ ರೂಢಿಯಿದ್ದ ರತ್ನಮ್ಮನಿಗೆ ಇಲ್ಲಿ ಕಿಟಕಿಯಿತ್ತು, ಆಚೆ ಯಾರೂ ಇರಲಿಲ್ಲ.

ಮೊದಮೊದಲು ಅವರು ಒಬ್ಬರೇ ಕಾಡಿನಲ್ಲಿ ತಿರುಗಾಡಿದರು. ಎದುರಾದವರು ಮರಗಳನ್ನು ನೋಡುತ್ತಾ ದಾಟಿಹೋದರು. ಒಂದು ದಿನ ಮಗನಿಗೆ ಮೀಟಿಂಗೆಂದು ನಾಯಿಯನ್ನು ಇವರೇ ಕರೆದೊಯ್ದರು. ಅದೇ ಜನ ನಿಂತು, ಬಗ್ಗಿ, ಚಕ್ಕುಲಿಯ ಕಿವಿ ತುರಿಸಿ, ಹವೆಯ ಬಗ್ಗೆ, ಮೊಣಕಾಲಿನ ಬಗ್ಗೆ, ಲೀಡ್ಸಿನಲ್ಲಿರುವ ಮಗಳ ಬಗ್ಗೆ ಮಾತಾಡಿದರು. ಈ ದೇಶದಲ್ಲಿ ಮನುಷ್ಯರನ್ನು ಮಾತಾಡಿಸಬೇಕಾದರೆ ನಾಯಿಯ ಶಿಫಾರಸು ಬೇಕೆಂದು ರತ್ನಮ್ಮನಿಗೆ ಅರ್ಥವಾಯಿತು. ಅಂದಿನಿಂದ ಬೆಳಗಿನ ನಡಿಗೆ ಅವರದಾಯಿತು. ಹಗ್ಗ ಹಿಡಿದವರು ಅವರು, ಊರಿನೊಳಕ್ಕೆ ಎಳೆದುಕೊಂಡು ಹೋದದ್ದು ಚಕ್ಕುಲಿ.

ಅದು ಹೆಸರಿಗಷ್ಟೇ ಕಾಡು. ಬೀದಿಯ ಕಡೆ ಒಂದು ಗೇಟು, ಅದರ ಪಕ್ಕ ನಾಯಿಯ ಕಸಕ್ಕೆಂದೇ ಇಟ್ಟ ಡಬ್ಬ. ಒಳಗೆ ಸ್ವಲ್ಪ ನಡೆದರೆ ದೊಡ್ಡ ಓಕ್ ಮರ. ದಾರಿ ಇರುವುದೇ ಒಂದು, ಅದು ಮರದ ಕೆಳಗೇ ಹಾದು, ಸುತ್ತಿ ಬಳಸಿ, ಆಚೆ ಟ್ರಾಮ್ ಸ್ಟಾಪಿನ ಗೇಟಿನಲ್ಲಿ ಮುಗಿಯುತ್ತದೆ.

ಆ ಮರವನ್ನು ಮೊದಲ ಸಲ ಕಂಡಾಗ ರತ್ನಮ್ಮನ ಕಣ್ಣು ತುಂಬಿತ್ತು. ಕೈಗೆಟುಕುವ ಕೊಂಬೆಗಳ ತುಂಬ ಪುಟ್ಟ ಪುಟ್ಟ ಗಂಟುಗಳು. ನೀಲಿ, ಹಸಿರು, ಕಪ್ಪು, ಅಲ್ಲೊಂದು ಇಲ್ಲೊಂದು ಗುಲಾಬಿ. ಮಕ್ಕಳಾಗಲೆಂದು ತೊಟ್ಟಿಲು, ಮದುವೆಯಾಗಲೆಂದು ಬಳೆ ಕಟ್ಟುವ ಮರಗಳನ್ನು ನೋಡಿ ಬೆಳೆದ ಕಣ್ಣು ಅದು. ಇಂಗ್ಲಿಷರಲ್ಲೂ ಹರಕೆಯುಂಟೆಂದು ಮಗ ಇಷ್ಟು ವರ್ಷ ಹೇಳಲೇ ಇಲ್ಲವಲ್ಲ ಎಂದುಕೊಂಡು ಅವರು ಬೂಟು ಬಿಚ್ಚಿಟ್ಟು, ಕೆಸರಿನಲ್ಲಿ ಕಾಲುಚೀಲದಲ್ಲೇ ಪ್ರದಕ್ಷಿಣೆ ಹಾಕಿದರು. ಮಗನಿಗೆ ಸ್ವಲ್ಪ ಪುರುಸೊತ್ತು ಸಿಗಲಿ ಎಂದು ಬೇಡಿಕೊಂಡು, ಒಂದು ನೀಲಿ ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಅಮ್ಮಾ, ಮುಟ್ಟಬ್ಯಾಡ್ರಿ. ಅದರಾಗ ನಾಯಿ ಕಕ್ಕ ಐತ್ರಿ.”

ಕೂಗಿದ್ದು ಪಕ್ಕದ ಮನೆಯ ಫರೀದಾ. ಹುಬ್ಬಳ್ಳಿಯವಳು, ವಿದನ್‌ಶಾದ ಆಸ್ಪತ್ರೆಯಲ್ಲಿ ಡಾಕ್ಟರು. ರೋಗಿಗಳ ಜೊತೆ ಇಂಗ್ಲಿಷ್, ಮನೆಯಲ್ಲಿ ದಖನಿ ಉರ್ದು, ರತ್ನಮ್ಮನ ಜೊತೆ ಬೆಂಗಳೂರಿನ ಕನ್ನಡ. ಗಾಬರಿಯಾದಾಗ ಮಾತ್ರ ಹುಬ್ಬಳ್ಳಿ ಹೊರಬರುತ್ತದೆ. ಅವಳು ಜೇಬಿನಿಂದ ಸ್ಯಾನಿಟೈಸರ್ ತೆಗೆದು ಸುರಿದಳು. ಕೈಗೇನೋ ಆಯಿತು, ಕಣ್ಣಿಗೊತ್ತಿಕೊಂಡದ್ದಕ್ಕೆ ಏನು ಮಾಡುವುದೆಂದು ರತ್ನಮ್ಮ ಕೇಳಿದರು. ತಾನು ಕಣ್ಣಿನ ಡಾಕ್ಟರಲ್ಲ, ಶ್ವಾಸಕೋಶದವಳು ಎಂದಳು ಫರೀದಾ.

ಅಸಹ್ಯ ಒಂದೇ ದಿನಕ್ಕೆ ಇಳಿಯಿತು. ಕುತೂಹಲ ಇಳಿಯಲಿಲ್ಲ. ನಾಯಿ ಮಾಡಿದ್ದನ್ನು ಅಲ್ಲೇ ಬಿಟ್ಟು ಹೋಗುವವರನ್ನು ರತ್ನಮ್ಮ ಮೈಸೂರಿನಲ್ಲಿ ಕಂಡಿದ್ದರು. ಎತ್ತಿ ಕಸದ ಡಬ್ಬಕ್ಕೆ ಹಾಕುವವರನ್ನು ಇಲ್ಲಿ ಕಂಡಿದ್ದರು. ಆದರೆ ಬಗ್ಗಿ ಎತ್ತಿ, ಚೀಲಕ್ಕೆ ತುಂಬಿ, ಚಂದವಾಗಿ ಗಂಟು ಹಾಕಿ, ಆಮೇಲೆ ಮರಕ್ಕೆ ನೇತುಹಾಕುವವನ ಮನಸ್ಸಿನಲ್ಲಿ ಏನಿರುತ್ತದೆ?

ಭಾನುವಾರ ಊಟಕ್ಕೆ ಬಂದ ಫರೀದಾಳ ಎದುರು ಹಯವದನ ವಾದ ಹೂಡಿದ. ಕಾಡಿನಲ್ಲಿ ಎತ್ತುವುದೇ ತಪ್ಪು ಎಂದ. ನರಿ ಎತ್ತುತ್ತದೆಯೇ, ಅಳಿಲು ಚೀಲ ಹಿಡಿದು ಓಡಾಡುತ್ತದೆಯೇ? ದಾರಿಯ ಮೇಲಿದ್ದರೆ ಕೋಲಿನಿಂದ ಪೊದೆಗೆ ತಳ್ಳಿದರೆ ಸಾಕು, ಪ್ಲಾಸ್ಟಿಕ್ಕೂ ಉಳಿಯಿತು, ಗೊಬ್ಬರವೂ ಆಯಿತು. ಫರೀದಾ ಸಾರು ಬಡಿಸಿಕೊಳ್ಳುತ್ತಾ ಆ ಗೊಬ್ಬರವೇ ತೊಂದರೆ ಎಂದಳು. ಇಷ್ಟು ನಾಯಿಗಳ ಗೊಬ್ಬರ ಬಿದ್ದರೆ ತುರಿಕೆ ಗಿಡ ಕೊಬ್ಬುತ್ತದೆ, ಬ್ಲೂಬೆಲ್ ಹೂವು ಸೊರಗುತ್ತದೆ. ಜಂತುಹುಳದ ಮೊಟ್ಟೆಯ ವಿಷಯ ಊಟವಾದ ಮೇಲೆ ಹೇಳುತ್ತೇನೆಂದಳು. ಹಯವದನ ಮತ್ತೆ ನರಿಯನ್ನು ಕರೆತಂದ. ರತ್ನಮ್ಮ ಬಾಯಿ ಹಾಕಿದರು.

“ನರಿ ಅಲ್ಲೇ ಉಂಡು ಅಲ್ಲೇ ಬಿಡುತ್ತಪ್ಪ. ಚಕ್ಕುಲಿ ನಮ್ಮನೇಲಿ ಉಂಡು ಅಲ್ಲಿ ಬಿಡೋದು. ವಿಳಾಸ ತಪ್ಪಿದ ಪಾರ್ಸಲ್ಲು ಅದು. ಕಳಿಸಿದವರಿಗೇ ವಾಪಸ್ ಬರ್ಬೇಕು.”

ಅಷ್ಟರಲ್ಲಿ ಗೇಟಿನ ಮೇಲೆ ನೋಟಿಸ್ ಬಂತು. ಕಾಡನ್ನು ನೋಡಿಕೊಳ್ಳುವ ಸ್ಥಳೀಯರ ಸಮಿತಿಯದು. ಏಪ್ರಿಲ್ ಕೊನೆಗೆ, ಬ್ಲೂಬೆಲ್ ಅರಳುವ ಹೊತ್ತಿಗೆ ಸಭೆ. ಅಷ್ಟರೊಳಗೆ ಮರದ ಮೇಲಿನ ಚೀಲಗಳು ಹೋಗದಿದ್ದರೆ ಕಾಡಿಗೆ ನಾಯಿಗಳ ಪ್ರವೇಶವೇ ಬಂದ್. ಸಹಿ, ಡೋರೀನ್, ಅಧ್ಯಕ್ಷೆ. ಡೋರೀನ್ ರತ್ನಮ್ಮನ ವಯಸ್ಸಿನವರೇ, ಸಣಕಲು ಗ್ರೇಹೌಂಡ್ ನಾಯಿಯ ಜೊತೆ ದಿನಾ ಎದುರಾಗುವವರು. ನೋಟಿಸ್ ಹಾಕಲು ತಮಗೂ ಸಂಕಟವಾಯಿತೆಂದು, ನಿಯಮ ಎಂದರೆ ನಿಯಮವೆಂದು ಹೇಳಿದರು.

ರತ್ನಮ್ಮ ಆ ದಿನ ಮನೆಗೆ ಬಂದು ನಾಯಿಯನ್ನು ಬಹಳ ಹೊತ್ತು ನೋಡಿದರು. ಚಕ್ಕುಲಿ ಹೋಗದ ಕಾಡಿಗೆ ತಾನು ಹೋದರೆ ಮತ್ತೆ ಮರಗಳನ್ನು ನೋಡುತ್ತಾ ದಾಟಿಹೋಗುವ ಜನರೇ. ಡೋರೀನ್ ಕೂಡ ನಾಯಿಯಿಲ್ಲದೆ ಆ ಕಡೆ ಬರುವವರಲ್ಲ.

ಮರುದಿನದಿಂದ ಅವರು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಓಕಿನ ಎದುರಿನ ಬೆಂಚಿನಲ್ಲಿ ಕೂತರು. ಕಟ್ಟುವವರು ಪುಂಡರಿರಬೇಕು ಎಂದುಕೊಂಡಿದ್ದರು. ಬಂದವರೆಲ್ಲ ಮರ್ಯಾದಸ್ಥರು. ಬೇಕರಿಯ ಹೆಂಗಸು, ಟೈ ಕಟ್ಟಿದ ಗಂಡಸು, ಮಕ್ಕಳನ್ನು ಶಾಲೆಗೆ ಬಿಡುವ ತಂದೆ. ಎಲ್ಲರೂ ಅತ್ತಿತ್ತ ನೋಡದೆ, ಕೋಟು ನೇತುಹಾಕುವಷ್ಟು ಸಹಜವಾಗಿ ಚೀಲ ನೇತುಹಾಕಿ ಮುಂದೆ ಹೋದರು. ರತ್ನಮ್ಮ ಕೇಳಿಯೇ ಬಿಟ್ಟರು. ಎಲ್ಲರದೂ ಒಂದೇ ಉತ್ತರ: ವಾಪಸ್ ಬರುವಾಗ ಎತ್ತಿಕೊಂಡು ಗೇಟಿನ ಡಬ್ಬಕ್ಕೆ ಹಾಕುತ್ತೇವೆ, ಸುಮ್ಮನೆ ಪೂರ್ತಿ ದಾರಿ ಯಾಕೆ ಹೊರಬೇಕು. ಹೇಳುವಾಗ ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ದಾರಿ ಮುಗಿಯುವುದು ಟ್ರಾಮ್ ಸ್ಟಾಪಿನಲ್ಲಿ. ಅಲ್ಲಿ ತಲುಪಿದವರಿಗೆ ಟ್ರಾಮ್ ಕಾಣುತ್ತದೆ, ಬೇಕರಿ ಕಾಣುತ್ತದೆ, ಮಕ್ಕಳ ಶಾಲೆ ಕಾಣುತ್ತದೆ. ಮರ ಕಾಣುವುದಿಲ್ಲ.

ಶನಿವಾರ ಬೆನ್ನು ನೋವೆಂದು ರತ್ನಮ್ಮ ನಾಯಿಯನ್ನು ಮಗನಿಗೆ ಒಪ್ಪಿಸಿ, ತಾವು ಮೊದಲೇ ಹೋಗಿ ಬೆಂಚಿನಲ್ಲಿ ಕೂತಿದ್ದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹಯವದನ ಯಾರಿಗೋ ಸಿಗ್ನಲ್ ಹೇಗೆ ಕೆಲಸ ಮಾಡುತ್ತದೆಂದು ವಿವರಿಸುತ್ತಾ ಬಂದ. ನರಿಯ ವಾದ ಮರೆತು ಬಗ್ಗಿ ಎತ್ತಿದ, ಗಂಟು ಹಾಕಿದ, ತಾಯಿ ಕೂತದ್ದನ್ನೂ ಕಾಣದೆ ಓಕಿಗೆ ನೇತುಹಾಕಿ ಹೋದ. ಗಂಟು ನೀಲಿಯದು. ತಾನು ಅಂದು ಕಣ್ಣಿಗೊತ್ತಿಕೊಂಡದ್ದು ಯಾರ ಮನೆಯದೆಂದು ರತ್ನಮ್ಮನಿಗೆ ಈಗ ಅನುಮಾನ ಹುಟ್ಟಿತು.

ಮಧ್ಯಾಹ್ನ ಆ ಚೀಲವನ್ನು ತಂದು ಅವನ ಕೋಣೆಯ ಬಾಗಿಲ ಹಿಡಿಗೆ ಸಿಕ್ಕಿಸಿದರು.

“ಏನಮ್ಮ ಇದು?”

“ಪಾರ್ಸಲ್ಲು. ವಾಪಸ್ ಬರುವಾಗ ತಗೊಳ್ತೀನಿ ಅಂದ್ಕೊಂಡಿದ್ದೆ ಅಲ್ವಾ?”

“ಮೀಟಿಂಗ್ ಬಂತಮ್ಮ.”

ಮಗನಿಗೆ ಪುರುಸೊತ್ತು ಕೊಡೆಂದು ತಾನು ಬೇಡಿಕೊಂಡದ್ದು ಇದೇ ಮರದ ಹತ್ತಿರವಲ್ಲವೇ ಎಂದುಕೊಂಡು ರತ್ನಮ್ಮ ಅಡುಗೆಮನೆಗೆ ನಡೆದರು.

ಉಪಾಯ ಹೊಳೆದದ್ದು ಫರೀದಾಳ ಜೊತೆ ಟೀ ಕುಡಿಯುವಾಗ. ಹುಬ್ಬಳ್ಳಿಯಲ್ಲಿ ಅವಳ ತಂದೆಯ ಕಾಂಪೌಂಡ್ ಗೋಡೆಗೆ ಬೀದಿಯ ಗಂಡಸರೆಲ್ಲ ನೀರು ಹಾಕುತ್ತಿದ್ದರಂತೆ. ಬೋರ್ಡು ಹಾಕಿದರು, ಬೈದರು, ಪ್ರಯೋಜನವಾಗಲಿಲ್ಲ. ಕೊನೆಗೆ ಟೈಲ್ಸ್ ಅಂಟಿಸಿದರು. ಒಂದರಲ್ಲಿ ಗಣಪತಿ, ಒಂದರಲ್ಲಿ ಶಿಲುಬೆ, ಒಂದರಲ್ಲಿ ಮಕ್ಕಾ. ವಾರದೊಳಗೆ ಗೋಡೆ ಒಣಗಿತು. ರತ್ನಮ್ಮ ಲೋಟ ಕೆಳಗಿಟ್ಟರು. ಅವರ ಅಂಚೆ ಕಚೇರಿಯ ಹಿಂಗೋಡೆಯದೂ ಅದೇ ಕತೆ.

ಆದರೆ ದೇವರ ಹೆಸರಲ್ಲಿ ಸುಳ್ಳು ಹೇಳಲು ಅವರಿಗೆ ಮನಸ್ಸಿರಲಿಲ್ಲ. ಯಾವ ದೇವರ ಹೆಸರನ್ನೂ ಹೇಳುವುದಿಲ್ಲ, ಬರೀ ಅರಿಶಿನ ಕುಂಕುಮ ಇಡುತ್ತೇನೆ, ಕಂಡವರು ಏನು ಅಂದುಕೊಳ್ಳುತ್ತಾರೋ ಅವರ ಭಾವಕ್ಕೆ ಬಿಟ್ಟದ್ದು ಎಂದು ತೀರ್ಮಾನಿಸಿದರು. ದೇವರ ವ್ಯವಹಾರದಲ್ಲಿ ತಾನು ಕೈ ಹಾಕುವುದಿಲ್ಲ, ಅರಿಶಿನ ಗಾಯಕ್ಕೆ ಒಳ್ಳೆಯದು, ಮರಕ್ಕೂ ಬರೆದುಕೊಡುತ್ತೇನೆ ಎಂದಳು ಫರೀದಾ.

ಮರುದಿನ ಇಬ್ಬರೂ ಗ್ಲೌಸ್ ಹಾಕಿಕೊಂಡು ಕೊಂಬೆಗಳನ್ನು ಬಿಡಿಸಿದರು. ಡಬ್ಬಕ್ಕೆ ಹೊರುವ ಕೆಲಸ ಹಯವದನನ ಪಾಲಿಗೆ ಬಂತು. ಆಮೇಲೆ ರತ್ನಮ್ಮ ಕೈ ತೊಳೆದು, ಕಾಂಡಕ್ಕೆ ಅಂಗೈಯಗಲ ಅರಿಶಿನ ಬಳಿದು, ನಡುವೆ ಕುಂಕುಮವಿಟ್ಟು, ಹಳದಿ ದಾರ ಸುತ್ತಿದರು. ಬುಡದಲ್ಲಿ ಎರಡು ಡ್ಯಾಫೊಡಿಲ್ ಹೂವು.

ಟೈ ಕಟ್ಟಿದ ಗಂಡಸು ಬಂದ. ಚೀಲ ಹಿಡಿದ ಕೈ ಕೊಂಬೆಯವರೆಗೆ ಹೋಗಿ ನಿಂತಿತು. ಕುಂಕುಮ ನೋಡಿದ, ಬೆಂಚಿನಲ್ಲಿದ್ದ ರತ್ನಮ್ಮನನ್ನು ನೋಡಿದ, ಸಾರಿ ಎಂದು ಮರಕ್ಕೋ ಇವರಿಗೋ ಹೇಳಿ, ಚೀಲ ಹಿಡಿದುಕೊಂಡೇ ಹೋದ. ಬೇಕರಿಯ ಹೆಂಗಸು ಮರುದಿನ ಒಂದು ಬನ್ನು ತಂದಿಟ್ಟಳು. ಯಾರೋ ಸೇಬು ಇಟ್ಟರು, ಯಾರೋ ಜ್ಯಾಮಿನ ಸೀಸೆಯಲ್ಲಿ ಮೇಣದ ದೀಪ ಹಚ್ಚಿದರು. ಇಂಗ್ಲಿಷಿನ 'ಪೂ' ಇದ್ದ ಜಾಗಕ್ಕೆ ಪೂಜೆ ಬಂದು ಕೂತಿತು. ಬ್ಲೂಬೆಲ್ ಮೊಗ್ಗಾಗುವ ಹೊತ್ತಿಗೆ ಮರದ ಮೇಲೆ ಎಲೆಗಳ ಹೊರತು ಏನೂ ಇರಲಿಲ್ಲ, ಗೇಟಿನ ಡಬ್ಬ ತುಂಬಿ ತುಳುಕುತ್ತಿತ್ತು.

ಸಭೆ ಚರ್ಚ್ ಹಾಲಿನಲ್ಲಿ, ಟೀ ಬಿಸ್ಕತ್ತಿನ ಸಮೇತ. ನಾಯಿಗಳನ್ನು ನಿಷೇಧಿಸುವ ಠರಾವನ್ನು ಕೈಬಿಡಲಾಗಿದೆಯೆಂದು ಡೋರೀನ್ ಹೇಳಿದಾಗ ಚಪ್ಪಾಳೆ ಬಿತ್ತು. ರತ್ನಮ್ಮ ಎದ್ದು ಕೈ ಮುಗಿದರು. ಅವರು ಕೂರುವಷ್ಟರಲ್ಲಿ ಡೋರೀನ್ ಇನ್ನೊಂದು ಸಣ್ಣ ವಿಷಯವಿದೆ ಎಂದರು.

ಹಿಂದೊಮ್ಮೆ ಕಾಡಿನ ಅಂಚಿನ ಯುದ್ಧ ಸ್ಮಾರಕಕ್ಕೆ ನಾಯಿಯೊಂದು ಅಭಿಷೇಕ ಮಾಡಿದಾಗ ಸಮಿತಿ ಒಂದು ನಿಯಮ ಮಾಡಿತ್ತು: ಸ್ಮಾರಕಗಳ ಹತ್ತಿರ, ಪೂಜೆಯ ಜಾಗಗಳ ಹತ್ತಿರ ನಾಯಿಗಳಿಗೆ ಪ್ರವೇಶವಿಲ್ಲ. ಓಕ್ ಈಗ ಪೂಜೆಯ ಜಾಗವೆಂದು ಎಲ್ಲರೂ ಒಪ್ಪಿದ್ದಾರೆ. ಆದರೂ ಆ ಸಂಪ್ರದಾಯದವರನ್ನು ಕೇಳದೆ ನಿಯಮ ಹೇರುವುದು ಸರಿಯಲ್ಲ. ನಿಮ್ಮ ದೇವಸ್ಥಾನಗಳಲ್ಲಿ ನಾಯಿಗಳನ್ನು ಬಿಡುತ್ತೀರಾ? ಬಿಡುತ್ತೀರಿ ಎಂದರೆ ಇಲ್ಲೂ ಬಿಡಬಹುದು. ಡೋರೀನ್ ಪ್ರೀತಿಯಿಂದಲೇ ಕೇಳಿದ್ದರು. ಅವರ ಕಾಲಬುಡದಲ್ಲಿ ಗ್ರೇಹೌಂಡ್ ಮಲಗಿತ್ತು.

ಹಯವದನ ತಾಯಿಯ ಕಿವಿಯ ಹತ್ತಿರ ಬಗ್ಗಿದ.

“ಅಮ್ಮ, ಕಾಲಭೈರವ ಅನ್ನು. ಅವನ ಜೊತೆ ನಾಯಿ ಇರುತ್ತಲ್ಲ.”

“ಒಳಗಿರೋದು ಕಲ್ಲಿನ ನಾಯಿ ಕಣೋ. ಅದು ಕಕ್ಕ ಮಾಡಲ್ಲ.”

“ಹಾಗಾದ್ರೆ ದೇವರೂ ಇಲ್ಲ ಏನೂ ಇಲ್ಲ, ಬರೀ ಅರಿಶಿನ ಅಂತ ಹೇಳ್ಬಿಡು.”

“ಹೇಳ್ತೀನಿ. ನಾಳೆ ಬೆಳಿಗ್ಗೆ ಮೊದಲ್ನೇ ಚೀಲ ನೀನೇ ಕಟ್ತೀಯ.”

ಫರೀದಾ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಮರೆತಿದ್ದಳು, ಅದು ಮುರಿದು ಮುಳುಗಿತು. ರತ್ನಮ್ಮ ಸುತ್ತ ನೋಡಿದರು. ಬನ್ನು ಇಟ್ಟ ಹೆಂಗಸು, ಟೈ ಕಟ್ಟಿದ ಗಂಡಸು, ಎಲ್ಲರ ಮುಖದಲ್ಲೂ ಗೌರವ. ಯಾವ ದೇವರ ಹೆಸರನ್ನೂ ಹೇಳದೆ ಇಷ್ಟು ದೂರ ಬಂದಿದ್ದಾಗಿತ್ತು. ಈಗ ಸುಳ್ಳು ಶುರು ಮಾಡಲು ನಾಲಗೆ ಏಳಲಿಲ್ಲ.

“ನೋ,” ಎಂದರು ರತ್ನಮ್ಮ.

ಡೋರೀನ್ ತಲೆಬಾಗಿ ಧನ್ಯವಾದ ಹೇಳಿದರು. ಪವಿತ್ರ ಸ್ಥಳದ ಹೊಸ್ತಿಲಿನಲ್ಲಿ ನಾಯಿ ಕಸದ ಡಬ್ಬ ಶೋಭಿಸದೆಂದು ಸಮಿತಿ ಅದನ್ನು ಟ್ರಾಮ್ ಗೇಟಿಗೆ ಸಾಗಿಸಲಿದೆ ಎಂದೂ ಸೇರಿಸಿದರು. ಮತ್ತೆ ಚಪ್ಪಾಳೆ ಬಿತ್ತು.

ವಾರದ ನಂತರ ರತ್ನಮ್ಮ ಬೀದಿಯ ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬ್ಲೂಬೆಲ್ ಅರಳಿತ್ತು. ಗೇಟಿನ ಮೇಲೆ ಕೆಂಪು ಗೆರೆ ಎಳೆದ ನಾಯಿಯ ಚಿತ್ರ. ಶ್ರೀಮಾನ್ ಚಕ್ಕುಲಿಯವರು ಆ ಚಿತ್ರದ ಕೆಳಗೇ ನಿತ್ಯಕರ್ಮ ಮುಗಿಸಿದರು. ರತ್ನಮ್ಮ ಬಗ್ಗಿ ಎತ್ತಿ ಗಂಟು ಹಾಕಿದರು. ಡಬ್ಬ ಆ ಕಡೆಯ ಗೇಟಿನಲ್ಲಿ. ಬೀದಿಯಿಂದ ಹೋದರೆ ದೊಡ್ಡ ಸುತ್ತು, ಕಾಡಿನ ದಾರಿ ಓಕಿನ ಕೆಳಗೆ. ಓಕಿನ ಕೆಳಗೆ ಚೀಲ ಹೋಗಬಹುದು, ನಾಯಿ ಹೋಗುವಂತಿಲ್ಲ.

ಸ್ವಲ್ಪ ಹೊತ್ತಿಗೆ ಗ್ರೇಹೌಂಡ್ ಜೊತೆ ಡೋರೀನ್ ಬಂದರು. ಅವರ ಕೈಯಲ್ಲೂ ಒಂದು ಚೀಲ, ಕಪ್ಪು. ಇಬ್ಬರೂ ಹವೆಯ ಬಗ್ಗೆ ಮಾತಾಡಿದರು, ಮೊಣಕಾಲಿನ ಬಗ್ಗೆ ಮಾತಾಡಿದರು. ಗೇಟಿನ ಚಿಲಕದ ಪಕ್ಕ ಒಂದು ಕೊಕ್ಕೆ ಇತ್ತು. ಇಬ್ಬರ ಕಣ್ಣೂ ಅದರ ಮೇಲೆ ಬಿತ್ತು. ಅತ್ತಿತ್ತ ನೋಡಿ ಡೋರೀನ್ ಮೆಲ್ಲಗೆ, ಸದ್ಯಕ್ಕೆ ಇಲ್ಲಿ ನೇತುಹಾಕಿ ವಾಪಸ್ ಬರುವಾಗ ತೆಗೆದುಕೊಂಡರಾಯಿತು ಎಂದರು.

ಒಳಗೆ ಹೋಗಲೇ ಬಾರದವರು ವಾಪಸ್ ಬರುವುದು ಎಲ್ಲಿಂದ ಎಂದು ಯೋಚಿಸುತ್ತಾ ರತ್ನಮ್ಮ ಚೀಲ ಹಿಡಿದು ನಿಂತೇ ಇದ್ದರು.