ಅಜ್ಜನ ಮನೆಯಲ್ಲಿದ್ದ ಹುಡುಗಿ

ವೇದವತಿ ಅತ್ತೆಗೆ ಆ ಹೆಂಗಸಿನ ಮೇಲೆ ಮೊದಲಿನಿಂದಲೂ ಅನುಮಾನ.

"ನಾನು ಹುಟ್ಟೋಕೆ ಮುಂಚೆ, ಯುದ್ಧದ ಕಾಲದಲ್ಲಿ, ಮೈಸೂರಿನ ನಮ್ಮ ಮನೇಲಿ ಬಿಳೀ ಹುಡುಗಿ ಇದ್ದಿದ್ರೆ ಅಪ್ಪ ಒಂದು ದಿನವಾದ್ರೂ ಹೇಳ್ತಿರಲಿಲ್ವೇನೋ? ಅಷ್ಟು ಓದಿದ್ದೀಯ, ಯಾರು ಏನು ಹೇಳಿದ್ರೂ ನಂಬಿಬಿಡ್ತೀಯ."

ಎಡಿತ್ ರೋಸ್ನರ್ ನನಗೆ ಸಿಕ್ಕಿದ್ದು ಲಂಡನ್ನಿನ ಎಜ್‌ವೇರ್‌ನಲ್ಲಿ. ಹಿಟ್ಲರನ ಕಾಲದಲ್ಲಿ ಓಡಿಬಂದ ಯೆಹೂದಿಗಳ ನೆನಪುಗಳನ್ನು ಟೇಪ್ ಮಾಡುತ್ತಿದ್ದೆ. ಆಕೆ ವಿಯೆನ್ನಾದಿಂದ ತಾಯಿಯ ಜೊತೆ ಹೋದದ್ದು ಮೈಸೂರಿಗಂತೆ. ಯುದ್ಧ ಮುಗಿಯುವವರೆಗೂ ಮನೆಯಲ್ಲಿ ಆಶ್ರಯ ಕೊಟ್ಟವರು ವಕೀಲ ಉಮಾಶಂಕರಯ್ಯ ಎಂದಾಗ ನಾನು ಟೇಪ್ ನಿಲ್ಲಿಸಿದೆ. ಅದು ನನ್ನ ಅಜ್ಜನ ಹೆಸರು.

ಬರುವ ಭಾನುವಾರ ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಆಕೆ ಅಜ್ಜನ ಬಗ್ಗೆ ಮಾತಾಡುವವರಿದ್ದರು. ವಕೀಲರ ಮಗಳು ಮುಂದಿನ ಸಾಲಿನಲ್ಲಿ ಕೂರಬೇಕಂತೆ. ಅತ್ತೆಗೂ ಆಸೆ ಇತ್ತು. ತಮ್ಮ ಬಡಾವಣೆ ಕೆಂಟನ್ನಿನ ಗೆಳತಿಯರನ್ನೆಲ್ಲ ಕರೆದುಕೊಂಡು ಹೋಗಬಹುದಿತ್ತು. ಆದರೆ ಎಲ್ಲ ಸುಳ್ಳಾಗಿ, ಅವರೆದುರು ನಗೆಪಾಟಲಾದರೆ?

"ಕಾಫಿಗೆ ಕರಿ. ನಾನೇ ನೋಡ್ತೀನಿ."

"ನಿಮ್ಮತ್ತೆ ಹೀಥ್ರೋ ಇಮಿಗ್ರೇಷನ್‌ನಲ್ಲಿ ಇರಬೇಕಿತ್ತು ಕಣೋ," ಎಂದರು ವಿಶ್ವನಾಥ ಮಾವ.

ಗುರುವಾರ ಮಧ್ಯಾಹ್ನ ಎಡಿತ್ ಬಂದರು. ಅತ್ತೆ ಕಾಫಿ ಕೊಟ್ಟು, ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದರು:

"ನಮ್ಮನೇಲಿ ದೇವರ ಕೋಣೆ ಯಾವ ಕಡೆಗಿತ್ತು?"

"ಗೊತ್ತಿಲ್ಲ."

"ಅಡುಗೆಮನೆ?"

"ಅದೂ ಗೊತ್ತಿಲ್ಲ. ವಾಸನೆ ಮಾತ್ರ ನೆನಪಿದೆ."

ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಷ್ಟು ವರ್ಷ ಇದ್ದೋಳಿಗೆ ಅಡುಗೆಮನೆ ಗೊತ್ತಿಲ್ವಂತೆ. ಕೇಳಿದ್ಯಾ?" ಎಂದರು. ನನ್ನಲ್ಲೂ ಅನುಮಾನ ಹುಟ್ಟಿತು.

ಎಡಿತ್ ಲೋಟ ಎತ್ತಿ, ತುಟಿಗೆ ತಾಗಿಸದೆ ಕಾಫಿ ಕುಡಿದರು. ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಎದ್ದು, ಅಡುಗೆಮನೆಯ ಬಾಗಿಲು ತೆರೆದೇ ಇದ್ದರೂ ಅತ್ತ ಹೋಗದೆ ಗಾರ್ಡನ್ನಿಗೆ ಇಳಿದರು. ಗಿಡಗಳಿಗೆ ನೀರು ಬಿಡುವ ನಲ್ಲಿಯಲ್ಲಿ ಲೋಟ ತೊಳೆದು, ಗೋಡೆ ಬದಿಯಲ್ಲಿ ಬೋರಲು ಹಾಕಿದರು.

"ಅಯ್ಯೋ ಮೇಡಂ, ಡಿಶ್‌ವಾಷರ್ ಇದೆ!" ಮಾವ ಹಿಂದೆಯೇ ಓಡಿದರು.

"ಇವರ ತಾಯಿ ಕಲಿಸಿದ್ದು," ಎಡಿತ್ ಅತ್ತೆಯ ಕಡೆ ಕೈ ತೋರಿಸಿ, ಸೆರಗಿಲ್ಲದ ಭುಜದ ಮೇಲೆ ಸೆರಗು ಎಳೆದುಕೊಳ್ಳುವಂತೆ ಮಾಡಿ ನಕ್ಕರು. "ನಮ್ಮ ಲೋಟ ಒಳಗಿನ ಪಾತ್ರೆಗಳ ಜೊತೆ ಸೇರಬಾರದು. ನಾವು ಹಿತ್ತಲ ಕೋಣೆಯಲ್ಲಿದ್ದೆವು. ಊಟ ಮೆಟ್ಟಿಲ ಮೇಲಿಡುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ."

ಹೂವು ಮಾರುವವಳಿಗೆ ಅಜ್ಜಿ ಹೀಗೆಯೇ ಕಾಫಿ ಕೊಡುತ್ತಿದ್ದದ್ದನ್ನು ಚಿಕ್ಕವನಿದ್ದಾಗ ನಾನೂ ನೋಡಿದ್ದೆ. ಅತ್ತೆ ನನ್ನ ಮುಖ ನೋಡಲಿಲ್ಲ.

"ಭಾನುವಾರ ಇದನ್ನೂ ಹೇಳ್ತೀರಾ?" ಅತ್ತೆ ಕೇಳಿದರು.

"ಯಾಕೆ ಹೇಳಬಾರದು? ವಿಯೆನ್ನಾದಲ್ಲಿ ಯೆಹೂದಿಗಳನ್ನು ಪಾರ್ಕಿನ ಬೆಂಚಿನ ಮೇಲೆ ಕೂರಲೂ ಬಿಡುತ್ತಿರಲಿಲ್ಲ. ಮೈಸೂರಿನಲ್ಲಿ ನನ್ನದೇ ಅಂತ ಒಂದು ಲೋಟ ಇತ್ತು."

ಅದು ಕೃತಜ್ಞತೆಯೋ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಬೇರೇನೋ, ಆ ಮುಖ ನೋಡಿ ನನಗೆ ತಿಳಿಯಲಿಲ್ಲ.

ಆಕೆಯನ್ನು ಬಸ್ ಹತ್ತಿಸಿ ಬಂದಾಗ ಮಾವ ಕೇಳುತ್ತಿದ್ದರು: "ಈಗಲಾದ್ರೂ ನಂಬಿಕೆ ಬಂತೇನೇ?"

"ಬಂತು," ಎಂದರು ಅತ್ತೆ. ಆಮೇಲೆ ನನಗೆ, "ಭಾನುವಾರ ನೀನೊಬ್ಬನೇ ಹೋಗು. ನಂಗೆ ಹುಷಾರಿಲ್ಲ ಅಂತ ಹೇಳು."