ಇಳಿಯಲು ಆರು ನಿಮಿಷ

ಆ ಒರತೆಯನ್ನು ನಾನು ಕಣ್ಣಾರೆ ನೋಡಿರಲಿಲ್ಲ. ಆದರೂ ನೋಟ್ ಪುಸ್ತಕದಲ್ಲಿ ಬರೆದೆ: ‘ನೀರು ಇದೆ. ಇಳಿಯಲು ಆರು ನಿಮಿಷ, ಹತ್ತಲು ಒಂಬತ್ತು.’ ಐದು, ಹತ್ತು ಎಂದು ಬರೆದಿದ್ದರೆ ಅಂದಾಜು ಎಂದು ಗೊತ್ತಾಗಿಬಿಡುತ್ತಿತ್ತು. ಆರು, ಒಂಬತ್ತು ಎಂದರೆ ಗಡಿಯಾರ ನೋಡಿ ಬರೆದ ಹಾಗೆ ಕಾಣುತ್ತದೆ. ಬಸ್ಸಿನಲ್ಲಿ ಕೂತು, ಮಾಸ್ಕಿನೊಳಗೆ ಬೆವರುತ್ತಾ, ಇಷ್ಟನ್ನೂ ಯೋಚಿಸಿಯೇ ಬರೆದೆ.

ಅದು ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳು. ನಾವಿದ್ದದ್ದು ಜಪಾನಿನ ಹದಾನೊ ಎಂಬ ಊರಿನಲ್ಲಿ. ಯೋಕೋಹಾಮಾದಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಊರಿನ ಬೆನ್ನಿಗೇ ತಾನ್‌ಜಾವಾ ಬೆಟ್ಟಸಾಲು. ನನ್ನ ಗಂಡ ನಂಜುಂಡಸ್ವಾಮಿ ಸ್ಟೇಷನ್ ಪಕ್ಕದ ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವರು. ಕೊರೊನಾ ಎಂದು ಹೋಟೆಲಿನಲ್ಲಿ ಕೂತು ತಿನ್ನುವವರು ಕಡಿಮೆಯಾಗಿ, ಪಾರ್ಸೆಲ್ ಕಟ್ಟುವ ಕೆಲಸವಷ್ಟೇ ಉಳಿದಿತ್ತು. ಅದು ಮುಗಿದ ಮೇಲೆ ಅವರು ಮನೆಗೆ ಬಂದು ಮಲಗುತ್ತಿದ್ದರು. ಒಂದೇ ಕೋಣೆಯ ಮನೆ. ಪಾತ್ರೆ ಸದ್ದಾದರೂ ಎಚ್ಚರವಾಗುತ್ತದೆಂದು ನಾನು ಹೊರಗೆ ಹೋಗುತ್ತಿದ್ದೆ. ಹೋಗಲು ಬೆಟ್ಟ ಬಿಟ್ಟರೆ ಬೇರೆ ಏನಿತ್ತು? ಹನೂರಿನ ಕಡೆ ಕಾಡಂಚಿನಲ್ಲಿ ಆಡು ಕಾಯ್ದವಳು ನಾನು. ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಜಪಾನಿನಲ್ಲಿ ನನಗೆ ಹೆದರಿಕೆಯಿಲ್ಲದೆ ಮಾಡಲು ಬರುತ್ತಿದ್ದದ್ದು ಬೆಟ್ಟ ಹತ್ತುವುದೊಂದೇ.

ಜ್ಯೋತ್ಸ್ನಾ ಅಕ್ಕ ಸಿಕ್ಕಿದ್ದು ಅಲ್ಲಿಯೇ. ಹಿಂದಿನ ವರ್ಷದ ನವೆಂಬರಿನಲ್ಲಿ, ಮರದ ಮೆಟ್ಟಿಲಿನ ದೊಡ್ಡ ಏರಿನಲ್ಲಿ, ಹಿಂದಿನಿಂದ ಯಾರೋ ಕನ್ನಡದಲ್ಲಿ ಕೂಗಿದರು.

“ರೀ, ನೀವು ಹೋಟೆಲಿನವರಲ್ವಾ? ಅಲ್ಲಾ, ಇದೇನ್ರೀ, ಹವಾಯಿ ಚಪ್ಪಲೀಲಿ ಹತ್ತಿದೀರಾ!”

“ಶೂ ಒದ್ದೆಯಾಗಿತ್ತು,” ಎಂದೆ.

ಅವರು ನಗುತ್ತಾ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. “ಶೂ ಐವತ್ ಗ್ರಾಂ ಹಗುರ ಇರ್ಲಿ ಅಂತ ನಾನು ಮೂರ್ ತಿಂಗಳು ಹುಡುಕಿದೀನಿ ಕಣ್ರೀ. ನೀವು ಚಪ್ಪಲೀಲಿ ನನ್ನ ಹಿಂದೆ ಹಾಕಿದ್ರಿ.”

ಅವರು ಯೋಕೋಹಾಮಾದ ಒಂದು ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಮೊದಲು ಓದಿದ್ದು ವೇಲ್ಸ್ ಎಂಬ ದೇಶದಲ್ಲಿ. ಅಲ್ಲಿಯ ಬೆಟ್ಟಗಳಲ್ಲಿ ಒಂದು ಸವಾಲಿದೆಯಂತೆ. ನಲವತ್ತೇಳು ಶಿಖರಗಳನ್ನು ಒಂದು ಹಗಲು ಒಂದು ರಾತ್ರಿಯೊಳಗೆ ಓಡಿ ಮುಗಿಸಬೇಕು. ದಾರಿಗೆ ಬಾವುಟವಿಲ್ಲ, ಬಾಣದ ಗುರುತಿಲ್ಲ. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಓಡುವವರೇ ಹುಡುಕಿಕೊಳ್ಳಬೇಕು. ಅದಕ್ಕಾಗಿ ತಿಂಗಳುಗಟ್ಟಲೆ ಮೊದಲೇ ಹೋಗಿ ತುಂಡು ತುಂಡಾಗಿ ದಾರಿ ನೋಡಿ ಬರುತ್ತಾರೆ. ಅಕ್ಕ ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಓಡುವವರಿದ್ದರು. ಅಷ್ಟರಲ್ಲಿ ಗಡಿ ಮುಚ್ಚಿತು. ಜಪಾನ್ ಬಿಟ್ಟು ಹೋದರೆ ವಾಪಸ್ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಸ್ಥಿತಿ. ಹಾಗಾಗಿ ಇಲ್ಲಿಯೇ ಒಂದು ಸುತ್ತು ಕಟ್ಟಿಕೊಂಡರು. ತಾನ್‌ಜಾವಾದ ಮೂವತ್ತೊಂದು ಶಿಖರ, ಇಪ್ಪತ್ನಾಲ್ಕು ಗಂಟೆ. ಯಾರ ಸಹಾಯವೂ ಇರಬಾರದು. ದಾರಿಯಲ್ಲಿ ಯಾರೂ ಏನನ್ನೂ ಕೊಡಬಾರದು, ಮೊದಲೇ ಬಚ್ಚಿಟ್ಟಿರಬಾರದು. ಬೆನ್ನ ಮೇಲೆ ಹೊತ್ತದ್ದನ್ನು ತಿನ್ನಬೇಕು, ಬೆಟ್ಟದಲ್ಲಿ ಸಿಕ್ಕ ನೀರು ಕುಡಿಯಬೇಕು.

ದಾರಿ ನೋಡುವ ಕೆಲಸ ನನಗೆ ಬಂತು. ವಾರದ ನಡುವೆ ಬಿಡುವಿದ್ದವಳು ನಾನೊಬ್ಬಳೇ. ನೋಡಿದ್ದನ್ನು ಕನ್ನಡದಲ್ಲಿ ಬರೆದು, ಹಾಳೆಯ ಫೋಟೋ ತೆಗೆದು ವಿನಾಯಕ್ ಅವರಿಗೆ ಕಳಿಸುತ್ತಿದ್ದೆ. ಅವರು ಕಾರ್ ಕಂಪನಿಯೊಂದರ ಇಂಜಿನಿಯರ್. ಅಕ್ಕನ ಜೊತೆ ಓಡುತ್ತಿದ್ದವರು, ಮಂಡಿ ನೋವಿನಿಂದ ಕೂತುಬಿಟ್ಟಿದ್ದರು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವುದು ಅವರ ಪಾಲಿನ ಕೆಲಸ.

“ಜಿಗಣೆ ಯಾವ ತಿರುವಿನಿಂದ ಶುರು, ಯಾವ ತಿರುವಿಗೆ ಮುಗಿಯತ್ತೆ ಅಂತಾನೂ ಬರ್ದಿದಾರೆ ನೋಡು,” ಎಂದು ಒಮ್ಮೆ ವಿಡಿಯೋ ಕಾಲ್‌ನಲ್ಲಿ ಅಕ್ಕನಿಗೆ ಹೇಳಿದರು. “ನಮ್ ಕಂಪನೀಲಿ ಇನ್‌ಸ್ಪೆಕ್ಷನ್‌ಗೆ ಸುಭದ್ರಾ ಅವ್ರನ್ನ ಕೂರಿಸ್ಬೇಕು. ಅರ್ಧ ಕಾರು ಹೊರಗೇ ಬರಲ್ಲ.”

ನನ್ನ ಕಿವಿ ಬಿಸಿಯಾಯಿತು. ಶಾಲೆ ಬಿಟ್ಟ ಮೇಲೆ ನಾನು ಬರೆದದ್ದನ್ನು ಯಾರೂ ಓದಿರಲಿಲ್ಲ. ಸಾಮಾನಿನ ಚೀಟಿಯನ್ನು ಕೂಡ ಗಂಡನೇ ಬರೆಯುತ್ತಿದ್ದರು. ಈಗ ಇಬ್ಬರು ಓದಿದವರು ನನ್ನ ಅಕ್ಷರಕ್ಕೆ ಕಾಯುತ್ತಿದ್ದರು.

ಮೊದಲ ದಿನವೇ ಅಕ್ಕ ಒಂದು ಮಾತು ಹೇಳಿದ್ದರು. “ಕಾಲಿಟ್ಟಿದ್ದನ್ನ ಮಾತ್ರ ಬರಿ. ಹೋಗಕ್ಕೆ ಆಗ್ಲಿಲ್ವಾ, ಖಾಲಿ ಬಿಡು. ಖಾಲಿ ಇದ್ರೆ ನಾನು ಹುಷಾರಾಗಿರ್ತೀನಿ.”

ದಾರಿಯ ಮೂರನೇ ತುಂಡಿನಲ್ಲಿ, ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ ಒಂದು ಮರದ ಬೆಂಚಿದೆ. ಅದರ ಪಕ್ಕದಿಂದ ಕಾಲುದಾರಿ ಕೊರಕಲಿಗೆ ಇಳಿಯುತ್ತದೆ. ಕೆಳಗೆ ಒರತೆ ಇದೆಯೆಂದು ನಕ್ಷೆಯಲ್ಲಿ ನೀಲಿ ಗುರುತು. ಅದನ್ನು ಬಿಟ್ಟರೆ ಮುಂದೆ ನಾಲ್ಕು ಗಂಟೆ ನೀರಿಲ್ಲ.

ನಾನು ಹೋದ ದಿನ ಬೆಂಚಿನ ಮೇಲೆ ವಯಸ್ಸಾದ ಇಬ್ಬರು ಜಪಾನೀಯರು ಕೂತಿದ್ದರು. ಗಂಡ ಹೆಂಡತಿ ಇರಬೇಕು. ನನ್ನನ್ನು ಕಂಡೊಡನೆ ಮಾಸ್ಕ್ ಮೇಲಕ್ಕೆಳೆದು ಮುಖವನ್ನು ಬೆಟ್ಟದ ಕಡೆ ತಿರುಗಿಸಿದರು. ಆ ದಿನಗಳಲ್ಲಿ ಬೆಟ್ಟದಲ್ಲಿ ಎದುರಾದವರೆಲ್ಲ ಹಾಗೆ ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ. ಅದು ಮರ್ಯಾದೆ. ಗೊತ್ತಿತ್ತು. ಆದರೆ ಹಿಂದಿನ ವಾರ ಬಸ್ಸಿನಲ್ಲಿ ಒಬ್ಬ ಮುದುಕ ನನಗೆ ಏನೋ ಗದರಿ, ಬಾಗಿಲ ಕಡೆ ಕೈ ತೋರಿಸಿದ್ದ. ಆ ಕೈ ಇನ್ನೂ ನನ್ನ ಕಣ್ಣ ಮುಂದಿತ್ತು.

‘ಸುಮಿಮಾಸೆನ್’, ಅಂದರೆ ಕ್ಷಮಿಸಿ, ಎಂದು ಹೇಳಿ ಅವರ ಮೊಣಕಾಲಿನ ಮುಂದೆ ಹತ್ತು ಹೆಜ್ಜೆ ದಾಟಿದ್ದರೆ ಮುಗಿಯುತ್ತಿತ್ತು. ಮರದ ಹಿಂದೆ ನಿಂತು ಆ ಪದವನ್ನು ಬಾಯೊಳಗೆ ಏಳೆಂಟು ಸಲ ಹೇಳಿಕೊಂಡೆ. ಅಷ್ಟರಲ್ಲಿ ಅವರು ಸಣ್ಣ ಒಲೆ ಹಚ್ಚಿ ನೀರು ಕಾಯಲಿಟ್ಟರು. ಊಟವಾಗಲಿ, ಏಳುತ್ತಾರೆ ಎಂದುಕೊಂಡೆ. ಊಟವಾಯಿತು. ಹೆಂಗಸು ಕಿತ್ತಳೆ ಸುಲಿದಳು. ಮತ್ತೆ ಕಾಫಿಗೆ ನೀರಿಟ್ಟರು. ಒಂದು ಗಂಟೆ ಕಳೆಯಿತು. ಬಸ್ಸಿನ ಹೊತ್ತಾಯಿತೆಂದು ನನಗೆ ನಾನೇ ಹೇಳಿಕೊಂಡು ವಾಪಸ್ ಬಂದೆ. ಅದರ ನಂತರವೂ ಎರಡು ಬಸ್ಸಿದ್ದವು.

ಖಾಲಿ ಬಿಡಬಹುದಿತ್ತು. ಖಾಲಿ ಬಿಟ್ಟರೆ ಯಾಕೆ ಎಂದು ಕೇಳುತ್ತಿದ್ದರು. ಇಬ್ಬರು ಮುದುಕರು ಊಟ ಮಾಡುತ್ತಿದ್ದರು, ಅದಕ್ಕೆ, ಎಂದು ಹೇಗೆ ಹೇಳುವುದು?

ಆ ಭಾನುವಾರದ ಕಾಲ್‌ನಲ್ಲಿ ವಿನಾಯಕ್ ನನ್ನ ಸಾಲನ್ನು ಗಟ್ಟಿಯಾಗಿ ಓದಿದರು. “ಡೌನ್ ಆರು, ಅಪ್ ಒಂಬತ್ತು. ಪರ್ಫೆಕ್ಟ್.”

“ಹಾಗಾದ್ರೆ ಅಲ್ಲೀವರೆಗೆ ಒಂದೇ ಬಾಟ್ಲು ಸಾಕು,” ಎಂದರು ಅಕ್ಕ. “ಎರಡನೇದು ಮನೇಲೇ ಇರ್ಲಿ. ಥ್ಯಾಂಕ್ಸ್ ಕಣೇ ಸುಭದ್ರಾ.”

ನನ್ನ ಮೈಕ್ ಮ್ಯೂಟ್‌ನಲ್ಲಿತ್ತು. ನಾನು ಅದನ್ನು ತೆಗೆಯಲಿಲ್ಲ. ಕೈ ಮುಗಿದೆ, ಅಷ್ಟೇ.

ಓಟ ಮೇ ಕೊನೆಯ ಶನಿವಾರ. ಗುರುವಾರ ತಡೆಯಲಾಗದೆ ಮತ್ತೆ ಹೋದೆ. ಬೆಂಚಿನ ಬಳಿ ಯಾರೂ ಇರಲಿಲ್ಲ. ಇಳಿಯಲು ಹನ್ನೆರಡು ನಿಮಿಷ ಹಿಡಿಯಿತು. ದಾರಿ ಇದ್ದ ಕಡೆ ಅರ್ಧ ಗುಡ್ಡವೇ ಜಾರಿ ಬಂದಿತ್ತು. ಹಿಂದೆ ಯಾವುದೋ ಬಿರುಗಾಳಿ ಮಳೆಯಲ್ಲಿ ಕುಸಿದದ್ದಿರಬೇಕು, ಮಣ್ಣಿನ ಮೇಲೆ ಹುಲ್ಲು ಬೆಳೆದಿತ್ತು. ಕಲ್ಲುಗಳ ನಡುವಿನಿಂದ ಒಂದು ಪ್ಲಾಸ್ಟಿಕ್ ಕೊಳವೆ ಹೊರಗೆ ಚಾಚಿತ್ತು. ಅದರ ಬಾಯಿಗೆ ಬೆರಳಿಟ್ಟೆ. ಒಳಗೆ ಒಣ ಎಲೆ, ಜೇಡನ ಬಲೆ.

ಮನೆಗೆ ಬಂದಾಗ ಗಂಡ ಕೇಳಿದರು. “ಏನಮ್ಮೀ, ಮುಖ ಯಾಕ ಹಿಂಗಾಗದೆ?”

“ಏನಿಲ್ಲ. ಬಿಸಿಲು.”

“ಬ್ಯಾಡ ಅಂದ್ರೂ ಬೆಟ್ಟ ಬೆಟ್ಟ ಅಂತೀಯ. ಓಡೋರು ಅವ್ರು, ಸೊರಗೋಳು ನೀನು.”

ಅಕ್ಕನಿಗೆ ಮೆಸೇಜ್ ಬರೆದೆ, ಅಳಿಸಿದೆ. ‘ಒರತೆ ಈಗ ಬತ್ತಿದೆ’ ಎಂದು ಬರೆದೆ. ‘ಈಗ’ ಎಂಬ ಮಾತು ಹೊಸ ಸುಳ್ಳು. ಅದನ್ನೂ ಅಳಿಸಿದೆ. ಶುಕ್ರವಾರ ಇಡೀ ದಿನ ಫೋನ್ ಕೈಯಲ್ಲೇ ಇತ್ತು. ಸಂಜೆ ಅಕ್ಕನೇ ಒಂದು ಫೋಟೋ ಕಳಿಸಿದರು. ಚೀಲ, ದೀಪ, ಒಂದೇ ಒಂದು ಬಾಟಲಿ. ಆಗ ನನಗೆ ಒಂದು ಉಪಾಯ ಹೊಳೆಯಿತು. ಹಗಲುರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗೆ ಹೋಗಿ ಎರಡು ಲೀಟರಿನ ಮೂರು ಬಾಟಲಿ ನೀರು ತಂದೆ. ಕೊರಕಲಿನಲ್ಲಿ ಕೊಳವೆಯ ಪಕ್ಕ ಇಟ್ಟರೆ, ಯಾರೋ ಚಾರಣದವರು ಬಿಟ್ಟುಹೋದ ಹಾಗೆ ಕಾಣುತ್ತದೆ. ಅಕ್ಕ ಕುಡಿಯುತ್ತಾರೆ. ನಾನು ಬರೆದದ್ದು ನಿಜವಾಗುತ್ತದೆ.

ಶನಿವಾರ ಮೊದಲ ಬಸ್ಸು ಹಿಡಿದೆ. ಅಕ್ಕ ಬೆಳಗಿನ ಜಾವ ಮೂರಕ್ಕೇ ಇನ್ನೊಂದು ತುದಿಯಿಂದ ಹೊರಟಿದ್ದರು. ಆರು ಕೆ.ಜಿ. ಹೊತ್ತು ಹತ್ತುವಾಗ ನನಗೆ ಎಷ್ಟೋ ಹಗುರವೆನಿಸುತ್ತಿತ್ತು. ಕೊರಕಲಿಗಿಳಿದು ಬಾಟಲಿಗಳನ್ನು ನೆರಳಿನಲ್ಲಿಟ್ಟೆ. ಒಂದರ ಮುಚ್ಚಳ ತೆಗೆದು ಸ್ವಲ್ಪ ಚೆಲ್ಲಿದೆ, ಬಳಸಿದ್ದೆಂದು ಕಾಣಲಿ ಎಂದು. ಕೆಸರನ್ನೂ ಸವರಿದೆ. ಹಾಗೆ ಸವರುತ್ತಿದ್ದಾಗ ನನ್ನ ಕೈ ನನಗೇ ಕಂಡಿತು.

ಯಾರೂ ಏನನ್ನೂ ಬಚ್ಚಿಟ್ಟಿರಬಾರದು. ಅಕ್ಕ ಇದನ್ನು ಕುಡಿದು, ಮೂವತ್ತೊಂದನ್ನೂ ಮುಗಿಸಿ, ಯಾರ ಸಹಾಯವೂ ಇಲ್ಲದೆ ಓಡಿದೆ ಎಂದು ಎಲ್ಲರಿಗೂ ಹೇಳುತ್ತಾರೆ. ಇಲ್ಲಿಯವರೆಗೆ ಸುಳ್ಳು ನನ್ನದೊಂದೇ ಆಗಿತ್ತು. ಈಗ ಅದನ್ನು ಅವರಿಗೂ ಕುಡಿಸಲು ಹೊರಟಿದ್ದೆ.

ಮೂರೂ ಬಾಟಲಿಗಳನ್ನು ಮತ್ತೆ ಮೇಲಕ್ಕೆ ಹೊತ್ತು ತಂದು ಬೆಂಚಿನ ಮೇಲಿಟ್ಟು ಕೂತೆ.

ಮಧ್ಯಾಹ್ನ ಒಂದರ ಹೊತ್ತಿಗೆ ಅಕ್ಕ ಬಂದರು. ಕೆನ್ನೆಯ ಮೇಲೆ ಉಪ್ಪು ಬಿಳಿಯಾಗಿ ಒಣಗಿತ್ತು. ಎದೆಯ ಮೇಲಿನ ಬಾಟಲಿ ಖಾಲಿಯಾಗಿ ಮುದುಡಿತ್ತು. ನನ್ನನ್ನು ನೋಡಿ ನಕ್ಕರು.

“ಅಯ್ಯೋ, ನೀನ್ಯಾಕ್ ಬಂದೆ? ಹೆಲ್ಪ್ ಮಾಡಂಗಿಲ್ಲ ಕಣೇ. ಚಪ್ಪಾಳೆ ಬೇಕಾದ್ರೆ ಹೊಡಿ. ಹದಿನೇಳಾಯ್ತು! ಇಪ್ಪತ್ ನಿಮಿಷ ಮುಂದಿದೀನಿ.” ಹೇಳುತ್ತಲೇ ಕಾಲುದಾರಿಯ ಕಡೆ ತಿರುಗಿದರು.

“ಅಕ್ಕ, ಅಲ್ಲಿ ನೀರಿಲ್ಲ.”

“ಆಂ?”

“ಗುಡ್ಡ ಕುಸಿದಿದೆ. ಒರತೆ ಇಲ್ಲ. ಅವತ್ತು ನಾನು ಇಳಿದೇ ಇರಲಿಲ್ಲ. ಸುಮ್ನೆ ಬರೆದೆ.”

ಅವರು ಅಲ್ಲೇ ನಿಂತರು. ಉಸಿರು ಇನ್ನೂ ಜೋರಾಗಿ ಬರುತ್ತಿತ್ತು. ನನ್ನ ಮುಖ ನೋಡಿದರು, ಬೆಂಚಿನ ಮೇಲಿನ ಬಾಟಲಿಗಳನ್ನು ನೋಡಿದರು.

“ಯಾವಾಗ ಗೊತ್ತಾಯ್ತು?”

“ಗುರುವಾರ.”

“ಇವತ್ತು ಶನಿವಾರ.”

ಅವರು ನಕ್ಷೆ ಬಿಚ್ಚಿದರು. ಮುಂದಿನ ನೀರಿಗೆ ಬೆರಳಿಟ್ಟು, ದಾರಿಯ ಮೇಲೆ ಗೇಣು ಹಾಕಿ ಅಳೆದರು, ಮತ್ತೆ ಅಳೆದರು. ನೆರಳಿಲ್ಲದ ದಿಣ್ಣೆಯ ಮೇಲೆ ನಾಲ್ಕು ಗಂಟೆ. ಎರಡು ಹೆಜ್ಜೆ ಆ ಕಡೆ ಹೋಗಿ, ನಿಂತು, ತಿರುಗಿ ಬಂದರು. ಬೆಂಚಿನ ತುದಿಗೆ ಕೂತು ಗಡಿಯಾರದ ಗುಂಡಿಯೊತ್ತಿ ನಿಲ್ಲಿಸಿದರು. ಅದಾದ ಮೇಲೆಯೇ ಬಾಟಲಿಗೆ ಕೈ ಹಾಕಿದ್ದು. ಬಾಯಿಗಿಟ್ಟು ನಿಲ್ಲಿಸದೆ ಕುಡಿದರು. ನೀರು ಗದ್ದದಿಂದ ಕತ್ತಿಗೆ ಇಳಿಯಿತು. ಅದು ನೀರೊಂದೇ ಅಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

“ಯಾಕೆ ಇಳೀಲಿಲ್ಲ?” ಎಂದು ಕೇಳಿದರು.

“ಇಬ್ರು ಇಲ್ಲಿ ಕೂತಿದ್ರು.”

“ಏನಂದ್ರು ನಿಂಗೆ? ಬೈದ್ರಾ?”

ಹೌದು ಎಂದರೆ ನಂಬುತ್ತಿದ್ದರು. ಬಸ್ಸಿನ ಮುದುಕನನ್ನು ತಂದು ಈ ಬೆಂಚಿನ ಮೇಲೆ ಕೂರಿಸಬಹುದಿತ್ತು.

“ಏನೂ ಅನ್ಲಿಲ್ಲ ಅಕ್ಕ. ಊಟ ಮಾಡ್ತಿದ್ರು.”

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ವಿನಾಯಕ್. ಅವರು ಮನೆಯಲ್ಲಿ ಕೂತು ಅಕ್ಕ ಎಲ್ಲಿದ್ದಾರೆಂದು ಪರದೆಯ ಮೇಲೆ ನೋಡುತ್ತಿದ್ದರು. ಅಕ್ಕ ಫೋನನ್ನು ನನ್ನ ಕೈಗಿಟ್ಟರು. “ನೀನೇ ಹೇಳು.”

“ಏನಾಯ್ತೇ, ಡಾಟ್ ನಿಂತೇಬಿಟ್ಟಿದೆ? ಕಾಲು ಉಳುಕ್ತಾ?”

ಹೇಳಿದೆ. ಒಂದೇ ಉಸಿರಿಗೆ, ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ.

“ಸುಭದ್ರಾ ಅವ್ರೇ, ಇನ್ನೂ ಎಲ್ಲೆಲ್ಲಿ ಹೀಗ್ ಬರ್ದಿದೀರಾ?”

“ಎಲ್ಲೂ ಇಲ್ಲ ಸರ್. ಇದೊಂದೇ.”

ಅದು ನಿಜವಾಗಿತ್ತು. ಉಳಿದ ಪ್ರತಿ ಸಾಲಿಗೂ ನನ್ನ ಕಾಲು ನಡೆದಿತ್ತು. ಆದರೆ ಆರು, ಒಂಬತ್ತು ಎಂದು ಅವರು ಓದಿದಾಗಲೂ ಅದು ನಿಜದ ಹಾಗೆಯೇ ಕೇಳಿಸಿತ್ತು.

“ಸರಿ,” ಎಂದರು ಅವರು. “ಎಲ್ಲಾನೂ ಇನ್ನೊಂದ್ಸಲ ಬೇರೆಯವ್ರ ಹತ್ರ ನೋಡಿಸ್ತೀನಿ.”

ಅಕ್ಕ ಎದ್ದರು. ಹದಿನೆಂಟನೇ ಶಿಖರದ ಕಡೆ ಒಮ್ಮೆ ನೋಡಿ, ಬಸ್ಸಿನ ದಾರಿಗೆ ತಿರುಗಿದರು. ಉಳಿದ ಬಾಟಲಿಗಳನ್ನು ಹೊತ್ತು ನಾನು ಹಿಂದೆ ನಡೆದೆ. ಅರ್ಧ ಗಂಟೆ ಇಳಿದೆವು. ಕಡಿದಾದ ಬಂಡೆಯ ಇಳಿಜಾರಿನಲ್ಲಿ ಹಿಡಿದು ಇಳಿಯಲು ಎರಡು ಕಬ್ಬಿಣದ ಸರಪಳಿ ಕಟ್ಟಿದ್ದಾರೆ. ಅಕ್ಕ ಎಡಗಡೆಯದಕ್ಕೆ ಕೈ ಚಾಚಿದರು.

“ಅಕ್ಕ, ಅದು ಬೇಡ. ಗೂಟ ಸಡಿಲ ಇದೆ,” ಎಂದೆ.

ಅವರು ನಿಂತರು. ನನ್ನ ಕಡೆ ತಿರುಗಲಿಲ್ಲ. ಬಗ್ಗಿ ಗೂಟವನ್ನು ತಾವೇ ಹಿಡಿದು ಎರಡು ಸಲ ಅಲುಗಿಸಿ ನೋಡಿದರು. ಅದು ಬುಡದಲ್ಲಿ ಅಲ್ಲಾಡಿತು. ಬಲಗಡೆಯ ಸರಪಳಿಯ ಹತ್ತಿರ ಹೋಗಿ, ಅದರ ಗೂಟವನ್ನೂ ಅಲುಗಿಸಿ ನೋಡಿ, ಆಮೇಲೆ ಇಳಿದರು.