ಶನಿವಾರ ಬಿಚ್ಚಿದ ಕನ್ನಡ ಚೀಟಿ

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಪ್ರಭಾಳಿಗೆ ಇನ್ನೊಂದು ಕೆಲಸ ಬಾಕಿ ಇರುತ್ತಿತ್ತು. ವಾರವೆಲ್ಲ ದುಡಿದದ್ದಕ್ಕಿಂತ ಆ ಅರ್ಧ ಗಂಟೆಯೇ ಅವಳನ್ನು ಹೆಚ್ಚು ಸುಸ್ತು ಮಾಡುತ್ತಿತ್ತು. ತಕರಾರು ಪೆಟ್ಟಿಗೆ ತೆರೆಯುವ ಕೆಲಸ ಅದು. ಮಕ್ಕಳು ಹೆಸರು ಹಾಕದೆ ಚೀಟಿ ಬರೆದು ಹಾಕಲೆಂದು ಪಾಲಿಕೆಯವರು ಕೊಟ್ಟ ತಗಡಿನ ಪೆಟ್ಟಿಗೆ. ಸುರಕ್ಷಾ ಸಮಿತಿಯ ಮೂವರೂ ಕೂತು ಬೀಗ ತೆಗೆಯಬೇಕು, ಒಂದೊಂದು ಚೀಟಿಯನ್ನೂ ಗಟ್ಟಿಯಾಗಿ ಓದಬೇಕು, ರಿಜಿಸ್ಟರಿಗೆ ಏರಿಸಬೇಕು, ಫೋಟೊ ಹೊಡೆದು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಬೇಕು.

ಪ್ರಭಾ ಆ ಮರಾಠಿ ಶಾಲೆಯಲ್ಲಿ ಹನ್ನೊಂದು ತಿಂಗಳ ಕರಾರಿನ ಆಪ್ತ ಸಲಹೆಗಾರ್ತಿ. ಅಪ್ಪ ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದ ರೈಲ್ವೆ ನೌಕರ. ಮಕ್ಕಳ ಮಾತು ಕೇಳುವುದೇ ಅವಳ ಕೆಲಸ. ಆದರೆ ನಾಲ್ಕು ಜನ ದೊಡ್ಡವರು ಎದುರಿಗಿದ್ದರೆ ಅವಳ ಮಾತು ಗಂಟಲು ದಾಟುತ್ತಿರಲಿಲ್ಲ. ಸ್ಟಾಫ್ ರೂಮಿನವರು ‘ಮೌನಿಬಾಯಿ’ ಎಂದು ಹೆಸರಿಟ್ಟಿದ್ದರು.

ಮೊದಲ ಚೀಟಿ ಸೋರುವ ನಲ್ಲಿಯದು. ಎರಡನೆಯದರಲ್ಲಿ, ಗಣಿತದ ಸರ್ ನನ್ನನ್ನು ಎಮ್ಮೆ ಅಂತ ಕರೆಯುತ್ತಾರೆ ಎಂದಿತ್ತು.

“ನನ್ನನ್ನೂ ಕರೀತಿದ್ರು. ನಾನೇನು ಸತ್ತೆನೇ?” ಎಂದು ನಕ್ಕ, ಪಾಲಕರ ಪರವಾಗಿ ಸಮಿತಿಯಲ್ಲಿದ್ದ ಧೋಟೆ.

“ಸಾಯಬೇಕು ಅಂತ ನಿಯಮ ಇಲ್ಲ, ಧೋಟೆ ಭಾವೂ. ಬರೀಬೇಕು ಅಂತ ಇದೆ,” ಎಂದು ಮುಖ್ಯೋಪಾಧ್ಯಾಯಿನಿ ಭೋಯರ್ ಮೇಡಂ ತಲೆಯೆತ್ತದೆ ಬರೆದುಕೊಂಡರು.

ಮೂರನೆಯ ಚೀಟಿ ಬಿಚ್ಚಿದ ಪ್ರಭಾಳ ಕೈ ಅಲ್ಲೇ ನಿಂತಿತು. ಅದು ಕನ್ನಡದಲ್ಲಿತ್ತು.

“ಗೇಟಿನ ಅಣ್ಣ ಬಾತ್‌ರೂಮಿಗೆ ಹೋಗೂ ಮುಂದ ಹಿಂದ ಬರ್ತಾನ. ಜಡಿ ಜಗ್ತಾನ. ಬ್ಯಾಡ ಅಂದ್ರ ನಗ್ತಾನ. ಸೋಮವಾರ ಮತ್ತ ಬಂದ್ರ ನಾ ಸಾಲಿ ಬಿಡ್ತೀನಿ.”

ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಇಡೀ ಶಾಲೆಯಲ್ಲಿ ಕನ್ನಡದ ಹುಡುಗಿ ಎಂದರೆ ಏಳನೆಯ ತರಗತಿಯ ಅಕ್ಷರಾ ಒಬ್ಬಳೇ. ಅವಳಪ್ಪ ಭೀಮಪ್ಪ ಇತವಾರಿಯ ಸಂತೆಪೇಟೆಯಲ್ಲಿ ಕೈಗಾಡಿ ಎಳೆಯುವವನು. ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಅವಳಿಗೆ ಈ ಅಕ್ಷರಗಳನ್ನು ಕಲಿಸಿದವಳು ಪ್ರಭಾಳೇ. ಯಾರಿಗೂ ಓದಲು ಬಾರದ ಲಿಪಿಯಲ್ಲಿ ಬರೆದರೆ ಗುಟ್ಟು ಉಳಿಯುತ್ತದೆ ಎಂದು ಹುಡುಗಿ ನಂಬಿದ್ದಳು. ಮರಾಠಿಯಲ್ಲಿ ಬರೆದಿದ್ದರೆ ಮುನ್ನೂರು ಹುಡುಗಿಯರಲ್ಲಿ ಒಬ್ಬಳಾಗಿ ಕಲೆತುಹೋಗುತ್ತಿದ್ದಳು.

“ಇದು ನಿಮ್ಮ ಕಾನಡಿ ಅಲ್ಲವೇ?” ಧೋಟೆ ಬಗ್ಗಿ ನೋಡಿದ. “ಹಾಂ, ಆ ಹಮಾಲನ ಮಗಳದ್ದೇ ಇರಬೇಕು. ಏನಂತೆ?”

ಗೇಟಿನ ಕಾವಲುಗಾರನನ್ನು ಶಾಲೆಗೆ ಕಳಿಸಿದ ಗುತ್ತಿಗೆದಾರ ಧೋಟೆಯ ಪರಿಚಯದವನು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಗೇಟಿಗೆ ಮುಟ್ಟುತ್ತಿತ್ತು. ಓದದೆ ಮಡಚಿಟ್ಟರೆ ಹುಡುಗಿ ಶಾಲೆ ಬಿಡುತ್ತಾಳೆ. ಓದಿದರೆ ಅವಳ ಹೆಸರು ಬಯಲಾಗುತ್ತದೆ.

“ನನ್ನದು,” ಎಂದಳು ಪ್ರಭಾ.

“ಅಂದರೆ?”

“ಚೀಟಿ ನಾನೇ ಬರೆದು ಹಾಕಿದ್ದು. ಗೇಟಿನವನು ಹುಡುಗಿಯರ ಹಿಂದೆ ಬಾತ್‌ರೂಮಿನ ತನಕ ಹೋಗ್ತಾನೆ. ಜಡೆ ಎಳೀತಾನೆ.”

ಧೋಟೆ ಅವಳನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿದ. “ಅರೆ, ಮಕ್ಕಳ ಪೆಟ್ಟಿಗೆಯಲ್ಲಿ ನೀವು ಯಾಕೆ ಹಾಕಿದಿರಿ? ಬಾಯಿ ಇಲ್ಲವೇ?”

“ಬಾಯಿಬಿಟ್ಟು ಹೇಳೋಕೆ ಧೈರ್ಯ ಬರಲಿಲ್ಲ.”

ಅಷ್ಟಕ್ಕೇ ಅವನು ನಂಬಿಬಿಟ್ಟ. “ಮೌನಿಬಾಯಿ ಅನ್ನೋದು ಬರೋಬರ್!” ಎಂದು ಜೋರಾಗಿ ನಕ್ಕ. ಎಷ್ಟೋ ದಿನ ಚುಚ್ಚಿದ್ದ ಆ ಹೆಸರು ಅವತ್ತು ಅವಳಿಗೆ ಚುಚ್ಚಲಿಲ್ಲ.

ಭೋಯರ್ ಮೇಡಂ ನಗಲಿಲ್ಲ. ಧೋಟೆ ಎದ್ದು ಹೋಗುವ ತನಕ ಕಾದು ಪೆನ್ನು ಕೆಳಗಿಟ್ಟರು. ಆ ಚೀಟಿಯ ದುಂಡು ದುಂಡು ಅಕ್ಷರ ದೊಡ್ಡವರದಲ್ಲ ಎಂದು ಮೂವತ್ತು ವರ್ಷ ಮಕ್ಕಳ ನೋಟುಬುಕ್ಕು ತಿದ್ದಿದ ಅವರಿಗೆ ಕಾಣದೆ ಇರಲಿಲ್ಲ.

“ಸಿಬ್ಬಂದಿಯ ತಕರಾರು ಗುಂಪಿಗೆ ಹೋಗಲ್ಲ, ಅದಕ್ಕೆ ಬೇರೆ ಫಾರ್ಮು. ಮೂರು ಪ್ರತಿ. ವಾರ್ಡ್ ಆಫೀಸಿಗೆ ನೀವೇ ಓಡಾಡಬೇಕು. ಮುಂದಿನ ತಿಂಗಳು ನಿಮ್ಮ ಕರಾರು ಮುಗಿಯುತ್ತೆ, ಗೊತ್ತಲ್ಲ?”

“ಗೊತ್ತು.”

“ಒಬ್ಬ ಕಾವಲುಗಾರ ಬೇಕು ಅಂತ ಮೂರು ವರ್ಷ ಅರ್ಜಿ ಬರೆದೆ, ಪ್ರಭಾ. ಇವನನ್ನು ತೆಗೆದರೆ ಇನ್ನೊಬ್ಬ ಯಾವಾಗ ಬರ್ತಾನೋ ದೇವರೇ ಬಲ್ಲ. ಅಲ್ಲೀತನಕ ಗೇಟಿಗೆ ಯಾರು? ಬಿಡುವಿನಲ್ಲಿ ಬಾತ್‌ರೂಮಿನ ಹತ್ತಿರ ಯಾರು?”

“ನಾನು ನಿಲ್ತೀನಿ.”

ಮೇಡಂ ಕಣ್ಣುಜ್ಜಿಕೊಂಡು ಗುತ್ತಿಗೆದಾರನಿಗೆ ಫೋನು ಹಚ್ಚಿದರು. ವಿಚಾರಣೆ ಮುಗಿಯುವ ತನಕ ಆ ಕಾವಲುಗಾರ ಶಾಲೆಯ ಕಡೆ ಸುಳಿಯಬಾರದು ಎಂದು ಎರಡು ಸಲ ಹೇಳಿದರು. ಎರಡನೆಯ ಸಲ ದನಿ ಏರಿಸಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಪ್ರಭಾ ಗೇಟಿನಲ್ಲಿ ನಿಂತಳು. ಸ್ಟೂಲು ಇರಲಿಲ್ಲ. ಆಟೋದವರು ಗಾಡಿಯನ್ನು ಗೇಟಿಗೇ ತಂದು ತುರುಕುತ್ತಿದ್ದರು, “ಜರಾ ಹಿಂದೆ ಹೋಗಿ” ಎಂಬ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ. ಪ್ರಾರ್ಥನೆಯ ಗಂಟೆ ಹೊಡೆಯಿತು. ಅಕ್ಷರಾಳ ಸುಳಿವಿಲ್ಲ. ಹುಡುಗಿ ಶಾಲೆ ಬಿಟ್ಟೇಬಿಟ್ಟಳೇನೋ ಎಂದು ಪ್ರಭಾ ರಸ್ತೆಯುದ್ದಕ್ಕೂ ನೋಡಿದಳು.

ಆಮೇಲೆ ರಸ್ತೆಯಾಚೆ ತಾಯಿ ಕಲಾವತಿಯ ಸೆರಗು ಹಿಡಿದು ಹುಡುಗಿ ಕಂಡಳು.

“ಮುಂಜಾನಿಂದ ಹೊಟ್ಟಿ ನೋವು ಅಂತ ಹಟಾ ಹಿಡಿದಾಳ್ರಿ ಟೀಚರ್. ನೀವರ ನೋಡ್ರಿ,” ಎಂದಳು ಕಲಾವತಿ.

ಅಕ್ಷರಾ ಗೇಟಿನ ಎರಡೂ ಬದಿ ಇಣುಕಿದಳು. “ಅಂವ ಎಲ್ಲಿ?”

“ಬರಂಗಿಲ್ಲ. ಇನ್ನ ನಾನೇ ಇರ್ತೀನಿ ಇಲ್ಲೆ.”

ಹುಡುಗಿ ತಾಯಿಯ ಸೆರಗು ಬಿಟ್ಟಳು. ಒಳಗೆ ಬಂದವಳು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಪಿಸುಗುಟ್ಟಿದಳು. “ಚೀಟಿ ನನ್ದು ಅಂತ ಯಾರಿಗೂ ಗೊತ್ತಾಗಲಿಲ್ಲಲ್ರಿ?”

“ಇಲ್ಲ.”

“ಅದಕ್ಕ ಕನ್ನಡದಾಗ ಬರದೆ!” ಮುಖ ಅರಳಿತ್ತು. “ನನ್ನ ಗೆಳತಿ ಯಶಿಕಾಗ ಗಣಿತದ ಸರ್ ಎಮ್ಮಿ ಅಂತಾರ. ಅದನ್ನೂ ಕನ್ನಡದಾಗ ಬರದು ಹಾಕ್ಲೇನ್ರಿ?”

ಪ್ರಭಾಳಿಗೆ ಕಾಲು ನೋಯುತ್ತಿತ್ತು. ಚೀಲದಲ್ಲಿ ಫಾರ್ಮಿನ ಮೂರು ಪ್ರತಿ ಇದ್ದವು. ಶಾಲೆ ಬಿಟ್ಟ ಮೇಲೆ ವಾರ್ಡ್ ಆಫೀಸಿಗೆ ಹೋಗಬೇಕಿತ್ತು.

“ಬರಿ,” ಎಂದಳು. “ಆದ್ರ ಇನ್ನ ಮ್ಯಾಲೆ ಮರಾಠಿಯೊಳಗ ಬರಿ.”

“ಯಾಕ್ರಿ?”

“ಸುಮ್ನ ಹೇಳಿದಷ್ಟು ಕೇಳ್. ಹೋಗ್ ಜಲ್ದಿ, ಪ್ರಾರ್ಥನೆ ಮುಗಿಯಾಕ ಬಂತು.”